ಎಂಟೇ ಬಂತಾ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದರ ಪಕ್ಕ ಒಂದು ಒತ್ತಿಕೊಂಡು ನಿಂತಿರುತ್ತವೆ. ಮೀನು ಇಲ್ಲದ ಮೇಲೆ ಮೀನಿನ ಲಾರಿಗೂ ಕೆಲಸವಿಲ್ಲ. ನನ್ನ ಟಾಟಾ 407 ಆ ಎರಡು ತಿಂಗಳನ್ನು ಕಳೆಯುವುದು ಗ್ಯಾರೇಜಿನ ತಗಡಿನ ಮಾಡಿನ ಕೆಳಗೆ. ಅದರ ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಎನ್ನುವ ಸರ್ಕಾರಿ ಪತ್ರ, ಮುಗಿಯುವುದೂ ಜುಲೈ ಕೊನೆಗೇ.

ಗಾಡಿ 1997ರದ್ದು. ಉಡುಪಿ ಪ್ರತ್ಯೇಕ ಜಿಲ್ಲೆಯಾದ ವರ್ಷ ಶೋರೂಮಿನಿಂದ ಇಳಿದದ್ದು. ಅಪ್ಪ ಅದನ್ನು ಹನ್ನೊಂದು ವರ್ಷದ ಮೇಲೆ ಎರಡನೇ ಕೈಯಲ್ಲಿ ಕೊಂಡರು. ಎಂಜಿನ್ ಬಗ್ಗೆ ನನಗೆ ದೂರಿಲ್ಲ. ಎರಡು ಸಲ ಬಿಚ್ಚಿ ಕಟ್ಟಿದ್ದೇವೆ, ಇಂದಿಗೂ ಬೆಳಗಿನ ಜಾವ ಮೂರಕ್ಕೆ ಒಂದೇ ಸೆಲ್ಫಿನಲ್ಲಿ ಸ್ಟಾರ್ಟ್ ಆಗುತ್ತದೆ. ಆ ಎಂಜಿನನ್ನು ಹೊತ್ತ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿಸ್, ಅದರದ್ದೇ ಚಿಂತೆ.

ಮೀನಿನ ಲಾರಿ ಬೇರೆ ಲಾರಿಗಳ ಹಾಗೆ ಮಳೆಗೆ ತುಕ್ಕು ಹಿಡಿಯುವುದಿಲ್ಲ, ಒಳಗಿನಿಂದ ಹಿಡಿಯುತ್ತದೆ. ಬೂತಾಯಿ, ಬಂಗುಡೆಯ ಕ್ರೇಟುಗಳ ಮೇಲೆ ಸುರಿದ ಐಸ್ ದಾರಿಯುದ್ದಕ್ಕೂ ಕರಗುತ್ತದೆ. ಮೀನಿನ ಮೈಯ ಉಪ್ಪನ್ನು ತೊಳೆದುಕೊಂಡ ಆ ನೀರು ಬಾಡಿಯ ತಳದ ಸಂದಿಗಳಿಂದ ಚಾಸಿಸ್ ಮೇಲೆ ಇಳಿಯುತ್ತದೆ. ಬಾಡಿಗೂ ಚಾಸಿಸ್‌ಗೂ ನಡುವೆ ಮರದ ಪಟ್ಟಿ ಕೂರಿಸಿರುತ್ತಾರಲ್ಲ, ಅದು ಈ ಉಪ್ಪುನೀರನ್ನು ಕುಡಿದು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಮಳೆಯಲ್ಲಿ ನೆನೆದ ಕಬ್ಬಿಣ ಬಿಸಿಲು ಬಿದ್ದರೆ ಒಣಗುತ್ತದೆ. ಆ ಪಟ್ಟಿಯ ಕೆಳಗಿನ ಕಬ್ಬಿಣಕ್ಕೆ ಬಿಸಿಲು ಕಾಣುವ ಯೋಗವೇ ಇಲ್ಲ. ನೀರು ಹಿಡಿಯಲೆಂದು ಕೆಳಗೆ ಟ್ಯಾಂಕ್ ಕಟ್ಟಿದ್ದೇವೆ, ಅದರ ನಲ್ಲಿಯನ್ನು ನಡುರಾತ್ರಿ ರಸ್ತೆಬದಿಯಲ್ಲಿ ತಿರುಗಿಸುವ ಚಾಲಕರನ್ನು ಬೈಕಿನವರು ಶಪಿಸುತ್ತಾರೆ. ಶಾಪ ನ್ಯಾಯವಾದದ್ದೇ. ನಾನೂ ಒಂದೆರಡು ಸಲ ತಿರುಗಿಸಿದವನು.

ಕಳೆದ ಹಂಗಾಮಿನಲ್ಲಿ ಶಿವಮೊಗ್ಗಕ್ಕೆ ಮೀನು ಇಳಿಸಿ ಖಾಲಿ ಗಾಡಿಯಲ್ಲಿ ಆಗುಂಬೆ ಘಾಟಿ ಇಳಿಯುತ್ತಿದ್ದೆ. ಹದಿನಾಲ್ಕು ತಿರುವುಗಳಲ್ಲಿ ಎಷ್ಟನೆಯದೋ ನೆನಪಿಲ್ಲ, ಬ್ರೇಕ್ ಪೆಡಲ್ ಪಾದದ ಕೆಳಗೆ ಮೆತ್ತಗಾಯಿತು. ಎರಡು ಸಲ ಪಂಪ್ ಮಾಡಿದೆ, ಇನ್ನೂ ಕೆಳಗೆ ಹೋಯಿತು. ಅದೃಷ್ಟಕ್ಕೆ ಎರಡನೇ ಗೇರಿನಲ್ಲಿದ್ದೆ. ಎಂಜಿನ್ನಿನ ಹಿಡಿತದಲ್ಲೇ ತೆವಳಿಸಿಕೊಂಡು, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಬದಿಯ ಚರಂಡಿಗೆ ಚಕ್ರ ಒರಗಿಸಿ ನಿಲ್ಲಿಸಿದೆ. ಕೆಳಗೆ ಬಗ್ಗಿ ನೋಡಿದರೆ ಹಿಂದಿನ ಚಕ್ರಕ್ಕೆ ಹೋಗುವ ಬ್ರೇಕ್ ಪೈಪ್ ಕ್ಲಿಪ್ಪಿನ ಅಡಿಯಲ್ಲಿ ಸೂಜಿಮೊನೆಯಷ್ಟು ತೂತಾಗಿತ್ತು. ಉಳಿದ ಉದ್ದಕ್ಕೆಲ್ಲ ಪೈಪ್ ಚೆನ್ನಾಗಿಯೇ ಕಾಣುತ್ತಿತ್ತು. ಕ್ಲಿಪ್ ಹಿಡಿದಿದ್ದ ಅರ್ಧ ಇಂಚು ಜಾಗದಲ್ಲಿ ಮಾತ್ರ ಉಪ್ಪು ಕೂತು ಕೆಲಸ ಮುಗಿಸಿತ್ತು. ಮಂಗಗಳು ತಡೆಗೋಡೆಯ ಮೇಲೆ ಸಾಲಾಗಿ ಕೂತು ನನ್ನನ್ನು ನೋಡುತ್ತಿದ್ದವು. ಅವುಗಳಿಗೆ ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ಹಾಗಾಗಿ ಈ ಸಲ ಗಾಡಿಯನ್ನು ಮೇಸ್ತ್ರಿಯ ಕೈಗೆ ಒಪ್ಪಿಸುವಾಗ ಪೂರ್ತಿ ನೋಡಿ ಎಂದೆ. ಅವರಿಗೆ ಅರವತ್ತು ದಾಟಿದೆ, ಮೊದಲು ಬೋಟುಗಳ ಕೆಲಸದಲ್ಲಿದ್ದವರು. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಸಣ್ಣ ಸುತ್ತಿಗೆ ಹಿಡಿದು, ಗೋಣಿಚೀಲದ ಮೇಲೆ ಮಲಗಿ ಗಾಡಿಯ ಅಡಿಗೆ ಜಾರಿದರು. ಮುಂದಿನಿಂದ ಹಿಂದಕ್ಕೆ ಗೇಣಿಗೊಂದು ಪೆಟ್ಟು. ಟಣ್, ಟಣ್, ಟಣ್. ನಾನು ಹೊರಗೆ ಕುಕ್ಕರಗಾಲಿನಲ್ಲಿ ಕೂತು ಕೇಳುತ್ತಿದ್ದೆ. ಎಡಗಡೆಯ ಉದ್ದದ ತೊಲೆಯಲ್ಲಿ, ಹಿಂದಿನ ಸ್ಪ್ರಿಂಗ್ ಬ್ರಾಕೆಟ್ ದಾಟುತ್ತಿದ್ದಂತೆ ಸದ್ದು ಬದಲಾಯಿತು. ಡಬ್. ಅವರು ಅಲ್ಲೇ ನಿಂತರು. ಇನ್ನೊಮ್ಮೆ ಬಾರಿಸಿದರು. ಡಬ್. ಆಮೇಲೆ ಸ್ಕ್ರೂಡ್ರೈವರ್ ಕೇಳಿ ಪಡೆದರು. ಮುಂದಿನ ಕ್ಷಣ ಅದರ ಮೊನೆ ನನ್ನ ಕಡೆಯಿಂದ ಹೊರಗೆ ಬಂತು.

"ಇದು ಚಾಸಿಸ್ಸಾ ಹಪ್ಪಳವಾ ಮಾರಾಯರೆ?"

ಅದರ ಮೇಲೆ ಹೋದ ವರ್ಷವೇ ಕಪ್ಪು ಪೇಂಟ್ ಹೊಡೆಸಿದ್ದೆ. ಪೇಂಟು ಒಂದು ಕಡೆಯೂ ಎದ್ದಿರಲಿಲ್ಲ.

ಗ್ಯಾರೇಜಿಗೆ ಬಂದು ಹೋಗುವ ಒಬ್ಬ ಏಜೆಂಟ್ ತೂತು ನೋಡಿ ನಕ್ಕ. ಫೈಬರ್ ಬಟ್ಟೆ ಅಂಟಿಸಿ, ಮೇಲೆ ಪುಟ್ಟಿ ಎಳೆದು, ಕಪ್ಪು ಹೊಡೆದರೆ ದೇವರಿಗೂ ಗೊತ್ತಾಗುವುದಿಲ್ಲ, ನಾಡಿದ್ದೇ ಎಫ್‌ಸಿ ಮಾಡಿಸುತ್ತೇನೆ ಎಂದ. ಸುಳ್ಳು ಯಾಕೆ ಹೇಳಲಿ, ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬಾಡಿ ಎತ್ತುವುದು, ಕಬ್ಬಿಣ, ಕೂಲಿ, ಎಲ್ಲ ಸೇರಿದರೆ ಗಾಡಿಯ ಒಂದು ತಿಂಗಳ ಬಾಡಿಗೆ ಸಂಪಾದನೆ ಹೋಗುತ್ತದೆ. ಎಫ್‌ಸಿ ಅವಧಿ ಮೀರಿದರೆ ದಿನಕ್ಕೆ 50 ರೂಪಾಯಿ ಹೆಚ್ಚುವರಿ. ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಎದ್ದು ಕೂತು ತಲೆಗೂದಲಿನಿಂದ ತುಕ್ಕಿನ ಪುಡಿ ಕೊಡವಿದರು. "ಪುಟ್ಟಿ ಹಾಕುವುದಾದರೆ ಗಾಡಿ ಈಗಲೇ ತೆಗೆದುಕೊಂಡು ಹೋಗಿ. ಆಗುಂಬೆಯಲ್ಲಿ ಎರಡು ತುಂಡಾದರೆ ನನ್ನ ಹೆಸರು ಹೇಳಬೇಡಿ." ಏಜೆಂಟ್ ಚಹಾ ಕುಡಿಯಲು ಹೋದ.

ಬಾಡಿಯನ್ನು ಚಾಸಿಸ್‌ಗೆ ಬಿಗಿದಿದ್ದ ಯು ಬೋಲ್ಟುಗಳನ್ನು ಸಡಿಲಿಸಿ ಬಾಡಿಯನ್ನು ಜಾಕಿನ ಮೇಲೆ ಎತ್ತಿದಾಗ ಮರದ ಪಟ್ಟಿಯ ಕೆಳಗಿನದ್ದು ಕಾಣಿಸಿತು. ತುಕ್ಕು ಪದರಪದರವಾಗಿ, ಹಳೆಯ ಪುಸ್ತಕ ನೀರಿಗೆ ಬಿದ್ದು ಒಣಗಿದ ಹಾಗೆ ಉಬ್ಬಿತ್ತು. ಒಂದು ಪದರವನ್ನು ಉಗುರಿನಿಂದ ಎಬ್ಬಿಸಿದರೆ ಅಂಗೈಯಗಲ ಚೂರು ಬಂತು. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು. ಎರಡು ತಗಡುಗಳು ಸೇರುವಲ್ಲಿ ಅದು ಹುಟ್ಟಿಕೊಂಡರೆ ನಡುವೆ ಬೆಳೆದು ಎರಡನ್ನೂ ದೂರ ತಳ್ಳುತ್ತದೆ, ಆ ಬಿರುಕಿಗೆ ಮತ್ತಷ್ಟು ಉಪ್ಪುನೀರು. ದಪ್ಪಗಿದೆ, ಗಟ್ಟಿಯಾಗಿರಬೇಕು ಎಂದು ನಾನು ಇಷ್ಟು ದಿನ ನಂಬಿದ್ದ ಜಾಗವೇ ಎಲ್ಲಕ್ಕಿಂತ ಪೊಳ್ಳಾಗಿತ್ತು.

ಕೆಲಸಕ್ಕೆ ಒಂಬತ್ತು ದಿನ ಹಿಡಿಯಿತು, ಅದರಲ್ಲಿ ಅರ್ಧದಷ್ಟು ದಿನ ಮಳೆಗೇ ಹೋಯಿತು. ವೆಲ್ಡಿಂಗ್ ಶುರುಮಾಡುವ ಮೊದಲು ಬ್ಯಾಟರಿಯ ವಯರ್ ಕಳಚಿ, ಡೀಸೆಲ್ ಟ್ಯಾಂಕ್ ಬಿಚ್ಚಿ ದೂರ ಇಟ್ಟರು. ಕೊಳೆತ ಭಾಗವನ್ನು ಒಳ್ಳೆಯ ಕಬ್ಬಿಣ ಸಿಗುವವರೆಗೂ ಕತ್ತರಿಸಿದರು. ಅಂಗೈಯಷ್ಟು ಎಂದುಕೊಂಡದ್ದು ಮೊಳದುದ್ದ ಆಯಿತು. ಹೊಸ ತುಂಡನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸಿದರು. ಯಾಕೆ ಎಂದು ಕೇಳಿದೆ. ನೇರ ಗೆರೆಯಲ್ಲಿ ವೆಲ್ಡ್ ಮಾಡಿದರೆ ಚಾಸಿಸ್ ಬಾಗಿದಾಗಲೆಲ್ಲ ಪೂರ್ತಿ ಭಾರ ಅದೇ ಗೆರೆಯ ಮೇಲೆ ಬೀಳುತ್ತದೆ, ಮತ್ತೆ ಅಲ್ಲಿಯೇ ಬಿಡುತ್ತದೆ ಎಂದರು. ಒಳಗಿನಿಂದ ಇನ್ನೊಂದು ಉದ್ದದ ಚಾನಲ್ ಕೂರಿಸಿ ಬೋಲ್ಟ್ ಹಾಕಿದರು. ಬೋಲ್ಟುಗಳೆಲ್ಲ ತೊಲೆಯ ನಿಂತ ಮೈಯಲ್ಲಿ. ಕೆಳಗಿನ ಅಂಚಿಗೆ ಡ್ರಿಲ್ಲನ್ನೂ ತಾಗಿಸಲಿಲ್ಲ, ಕಿಡಿಯನ್ನೂ ತಾಗಿಸಲಿಲ್ಲ. ಚಾಸಿಸ್ ಬಾಗುವಾಗ ಒತ್ತಡ ಹೆಚ್ಚು ಬೀಳುವುದು ಅಂಚುಗಳಲ್ಲೇ.

ಆಷಾಢದ ಹವೆ ಎಷ್ಟು ಕೆಟ್ಟದ್ದೆಂದು ಗೊತ್ತಾಗಬೇಕಾದರೆ ಉಜ್ಜಿದ ಕಬ್ಬಿಣವನ್ನು ಒಂದು ರಾತ್ರಿ ಬಿಟ್ಟು ನೋಡಬೇಕು. ಮೂರನೆಯ ದಿನ ಸಂಜೆ ಕರೆಂಟ್ ಹೋಗಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ನಾಳೆ ಬಳಿದರಾಯಿತು ಎಂದು ಮನೆಗೆ ಹೋದೆ. ಬೆಳಿಗ್ಗೆ ಬಂದರೆ ಬೆಳ್ಳಿಯ ಹಾಗಿದ್ದ ಜಾಗಕ್ಕೆಲ್ಲ ಅರಿಶಿನ ಸವರಿದಂತಾಗಿತ್ತು. ಮತ್ತೆ ಉಜ್ಜಿದೆ. ಅಂದಿನಿಂದ ಉಜ್ಜಿದ್ದನ್ನು ಅಂದೇ ಬಳಿದು ಮುಗಿಸಿದೆವು. ಸಂದುಗಳಿಗೆ ಮೇಸ್ತ್ರಿ ತಮ್ಮ ಹಳೆಯ ಕಸುಬಿನ ಔಷಧಿ ತಂದರು: ಮರದ ದೋಣಿಗಳಿಗೆ ಹಚ್ಚುವ ಗೇರೆಣ್ಣೆ. ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ, ಅದಕ್ಕೆ ಕೋಲಿಗೆ ಬಟ್ಟೆ ಸುತ್ತಿ ತುರುಕಿದರು. ಮರದ ಪಟ್ಟಿಯ ಬದಲು ಹಳೆಯ ಕನ್ವೇಯರ್ ಬೆಲ್ಟಿನ ರಬ್ಬರ್ ಕೂರಿಸಿದೆವು. ರಬ್ಬರ್ ನೀರು ಕುಡಿಯುವುದಿಲ್ಲ. ಬ್ರೇಕ್ ಪೈಪುಗಳನ್ನು ಮಾತ್ರ ನಾನೇ ನಿಂತು, ಚೆನ್ನಾಗಿ ಕಂಡವನ್ನೂ ಬಿಡದೆ, ಪೂರ್ತಿ ಬದಲಾಯಿಸಿದೆ.

ಇಷ್ಟಾದ ಮೇಲೂ ಒಂದು ಭಯ ಉಳಿದಿತ್ತು. ಚಾಸಿಸ್‌ನ ಬಲಗಡೆ, ಮುಂದಿನ ಚಕ್ರದ ಹತ್ತಿರ ಒಂದು ಗೇಣು ಜಾಗದಲ್ಲಿ ಗಾಡಿಯ ಚಾಸಿಸ್ ನಂಬರ್ ಕೊರೆದಿದೆ. ಎಫ್‌ಸಿ ದಿನ ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಅಚ್ಚು ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಇರುವ ನಂಬರಿಗೆ ಹೊಂದದಿದ್ದರೆ ಉಳಿದದ್ದೆಲ್ಲ ವ್ಯರ್ಥ. ತಳ ಬದಲಾಯಿಸಬಹುದು, ಬಾಗಿಲು ಬದಲಾಯಿಸಬಹುದು, ಆ ಗೇಣನ್ನು ಮುಟ್ಟುವ ಹಾಗಿಲ್ಲ. ಅಪ್ಪ ಇದ್ದಷ್ಟು ಕಾಲ ತಿಂಗಳಿಗೊಮ್ಮೆ ಅದನ್ನು ಬನಿಯನ್ ಬಟ್ಟೆಯಲ್ಲಿ ಒರೆಸಿ, ಗ್ರೀಸ್ ಬಳಿದು, ಮೇಲೆ ಪ್ಲಾಸ್ಟಿಕ್ ಅಂಟಿಸುತ್ತಿದ್ದರು. ಪ್ರತಿವರ್ಷ ತಾವೂ ಒಂದು ಅಚ್ಚು ತೆಗೆದು ಫೈಲಿನಲ್ಲಿ ಇಡುತ್ತಿದ್ದರು. ಆ ಚೀಟಿಗಳನ್ನು ಸಾಲಾಗಿ ಜೋಡಿಸಿದರೆ ನಂಬರಿನ ನಡುವಿನ ಎಂಟರ ಅಂಕಿ ವರ್ಷದಿಂದ ವರ್ಷಕ್ಕೆ ಎಡಗಡೆ ಸವೆಯುತ್ತಾ ಬಂದದ್ದು ಕಾಣುತ್ತದೆ. ಕೊನೆಯ ಎರಡು ಚೀಟಿಗಳಲ್ಲಿ ಅದು ಬಹುಪಾಲು ಇಂಗ್ಲಿಷಿನ ಮೂರು.

ಜುಲೈ ಕೊನೆಯ ವಾರ ಎಫ್‌ಸಿ ಮೈದಾನದಲ್ಲಿ ಸಾಲು ಉದ್ದವಿತ್ತು. ಇನ್‌ಸ್ಪೆಕ್ಟರು ದೀಪ, ಇಂಡಿಕೇಟರ್, ವೈಪರ್, ಹಾರನ್ ನೋಡಿದರು. ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿಗಳನ್ನು ನೋಡಿದರು. ಸ್ಪೀಡ್ ಗವರ್ನರ್ ಕಾಗದ ನೋಡಿದರು, ಗಾಡಿ ಓಡಿಸಿ ಬ್ರೇಕ್ ಒತ್ತಿದರು. ಒಂಬತ್ತು ದಿನದ ಕೆಲಸವಿದ್ದ ಎಡಗಡೆಯ ತೊಲೆಯ ಕಡೆ ಬಗ್ಗಿಯೂ ನೋಡಲಿಲ್ಲ. ನನಗೆ ಸ್ವಲ್ಪ ಬೇಸರವೇ ಆಯಿತು.

ಆಮೇಲೆ ಪೆನ್ಸಿಲ್. ನಾನು ಗ್ರೀಸ್ ಒರೆಸಿ, ಸೀಮೆಎಣ್ಣೆಯ ಬಟ್ಟೆಯಲ್ಲಿ ತಿಕ್ಕಿ, ಒಣಬಟ್ಟೆಯಲ್ಲಿ ಇನ್ನೊಮ್ಮೆ ತಿಕ್ಕಿ ಹಿಂದೆ ಸರಿದೆ. ಅವರು ಕಾಗದ ಒತ್ತಿ ಹಿಡಿದು ಮೃದುವಾಗಿ ಉಜ್ಜಿದರು. ಅಂಕಿಗಳು ಒಂದೊಂದಾಗಿ ಬೆಳ್ಳಗೆ ಎದ್ದವು. ನಡುವಿನದರ ಮೇಲೆ ಕೈ ನಿಂತಿತು.

"ಇದು ಮೂರಾ, ಎಂಟಾ?"

ನಾನು ಅಪ್ಪನ ಫೈಲ್ ಮುಂದೆ ಹಿಡಿದೆ. ಅವರು ಚೀಟಿಗಳನ್ನು ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ತಿರುವಿದರು. ಮತ್ತೆ ಬಗ್ಗಿ, ಈ ಸಲ ಪೆನ್ಸಿಲನ್ನು ಬದಿಗೆ ವಾಲಿಸಿ ಉಜ್ಜಿದರು. ಎಡಗಡೆ ಕೂದಲೆಳೆಯಷ್ಟು ತೆಳ್ಳನೆಯ ಎರಡು ಬಾಗು ಮೂಡಿದವು.

"ಮುಂದಿನ ವರ್ಷಕ್ಕೆ ಮೊದಲು ಅರ್ಜಿ ಕೊಟ್ಟು, ಅನುಮತಿ ಪಡೆದು ಮರು ಪಂಚ್ ಮಾಡಿಸಿ. ಇನ್ನೊಮ್ಮೆ ಇದು ಬರುವುದಿಲ್ಲ" ಎಂದು ಸಹಿ ಹಾಕಿದರು.

ಮೈದಾನದ ಹೊರಗೆ ಗಾಡಿ ನಿಲ್ಲಿಸಿ ಮತ್ತೆ ಗ್ರೀಸ್ ಬಳಿಯುತ್ತಿದ್ದಾಗ ಮೊಬೈಲ್ ರಿಂಗಾಯಿತು. ಮೇಸ್ತ್ರಿ. ಎಫ್‌ಸಿ ಆಯಿತಾ ಎಂದು ಕೇಳಲಿಲ್ಲ.

"ಎಂಟೇ ಬಂತಾ?"

"ಎಂಟೇ ಬಂತು" ಎಂದೆ.