ಗಡ್ಡೆ ಕರಗಿದ ಮೇಲೂ ಉಳಿಯುವ ಕೋಶಗಳು

ಕಿಮೋಥೆರಪಿಗೆ ಕುಗ್ಗಿ ಸ್ಕ್ಯಾನಿನಲ್ಲಿ ಕಾಣದಂತಾದ ಸ್ತನದ ಗಡ್ಡೆ ವರ್ಷಗಳ ಬಳಿಕ ಮತ್ತೆ ತಲೆಯೆತ್ತುವುದೇಕೆ ಎಂಬ ಪ್ರಶ್ನೆಯೇ ನನ್ನನ್ನು ಗಡ್ಡೆಯನ್ನು ಹೊಸದಾಗಿ ಬೆಳೆಸಬಲ್ಲ ಕ್ಯಾನ್ಸರ್ ಕಾಂಡಕೋಶಗಳ ಅಧ್ಯಯನಕ್ಕೆ ಎಳೆದು ತಂದಿತು. 2003ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಮೈಕೇಲ್ ಕ್ಲಾರ್ಕ್ ಅವರ ತಂಡ ಇದಕ್ಕೊಂದು ಸುಳಿವು ಕೊಟ್ಟಿತು. ಮೇಲ್ಮೈಯಲ್ಲಿ ಸಿಡಿ44 ಎಂಬ ಪ್ರೋಟೀನು ಇದ್ದು ಸಿಡಿ24 ಎಂಬ ಪ್ರೋಟೀನು ಇಲ್ಲದ ಅಥವಾ ತೀರ ಕಡಿಮೆಯಿದ್ದ ಸುಮಾರು 100 ಕೋಶಗಳೇ ರೋಗನಿರೋಧಕ ಶಕ್ತಿ ಕುಂದಿಸಿದ ಇಲಿಯಲ್ಲಿ ಹೊಸ ಗಡ್ಡೆಯನ್ನು ಬೆಳೆಸಿದವು. ಅದೇ ಗಡ್ಡೆಯ ಇತರ ಕೋಶಗಳನ್ನು ಹತ್ತಾರು ಸಾವಿರ ಸಂಖ್ಯೆಯಲ್ಲಿ ಸೇರಿಸಿದರೂ ಗಡ್ಡೆ ಬೆಳೆಯಲಿಲ್ಲ.

ಇಂತಹ ಕೋಶಗಳನ್ನು ಪೋಷಿಸುವ ಸಂಕೇತ ಮಾರ್ಗಗಳಲ್ಲಿ, ಅಂದರೆ ಕೋಶಕ್ಕೆ ಸಂದೇಶ ದಾಟಿಸುವ ಪ್ರೋಟೀನುಗಳ ಸರಣಿಗಳಲ್ಲಿ, ನಾಚ್ ಎಂಬುದು ನನಗೆ ಅತ್ಯಂತ ಸೋಜಿಗದ್ದು. ಇದರಲ್ಲಿ ದೂರದಿಂದ ಸಂದೇಶ ಹೊತ್ತು ತರುವ ಹಾರ್ಮೋನಿಲ್ಲ, ಕೋಶಗಳು ಮೈಗೆ ಮೈ ತಾಗಿಸಿಕೊಂಡೇ ಇರಬೇಕು. ನೆರೆಕೋಶದ ಜ್ಯಾಗ್ಡ್ ಪ್ರೋಟೀನು ಈ ಕೋಶದ ಪೊರೆಯಲ್ಲಿ ಸಂದೇಶ ಪಡೆಯುವ ನಾಚ್ ಗ್ರಾಹಕವನ್ನು ಹಿಡಿದು ಜಗ್ಗಿದಾಗ ಅದರ ಮಡಿಕೆ ಬಿಚ್ಚಿಕೊಳ್ಳುತ್ತದೆ, ಒಂದು ಕಿಣ್ವ ಅದನ್ನು ಪೊರೆಯ ಹೊರಗೆ ಕತ್ತರಿಸುತ್ತದೆ, ಬಳಿಕ ಗಾಮಾ ಸಿಕ್ರೆಟೇಸ್ ಎಂಬ ಕಿಣ್ವ ಪೊರೆಯೊಳಗೇ ಇನ್ನೊಮ್ಮೆ ಕತ್ತರಿಸುತ್ತದೆ. ಕಳಚಿಕೊಂಡ ಒಳತುಂಡು ಕೋಶಕೇಂದ್ರವನ್ನು ಹೊಕ್ಕು ಜೀನುಗಳನ್ನು ಚುರುಕುಗೊಳಿಸುತ್ತದೆ. ಸಂದೇಶ ಪಡೆದ ಗ್ರಾಹಕವೇ ಸಂದೇಶವಾಗಿಬಿಡುತ್ತದೆ, ಮತ್ತೆ ಬಳಕೆಗೆ ಬರುವುದಿಲ್ಲ.

ಇಂತಹದೇ ಇನ್ನೊಂದು ಸಂಕೇತ ಮಾರ್ಗವಾದ ವಿಂಟ್‌ನ ರೀತಿಯೇ ಬೇರೆ. ಸಂಕೇತವಿಲ್ಲದಾಗ ಕೋಶವು ಬೀಟಾ ಕೆಟೆನಿನ್ ಪ್ರೋಟೀನನ್ನು ತಯಾರಿಸುತ್ತಲೇ ನಾಶಮಾಡುತ್ತಿರುತ್ತದೆ. ಸಂಕೇತ ಬಂದೊಡನೆ ನಾಶ ನಿಂತು ಅದು ಶೇಖರಗೊಳ್ಳುತ್ತದೆ. ಈ ಮಾರ್ಗದ ಮೊದಲ ಜೀನು 1982ರಲ್ಲಿ ಪತ್ತೆಯಾದದ್ದೂ ಇಲಿಯ ಸ್ತನದ ಗಡ್ಡೆಗಳಲ್ಲೇ. ಹೆಡ್ಜ್‌ಹಾಗ್ ಮಾರ್ಗವೂ, ಉರಿಯೂತದ ಸಂಕೇತ ಪ್ರೋಟೀನಾದ ಇಂಟರ್‌ಲ್ಯೂಕಿನ್-6 ಪ್ರಚೋದಿಸುವ ಸ್ಟ್ಯಾಟ್3 ಪ್ರೋಟೀನೂ ಇವುಗಳೊಡನೆ ಸೇರಿಕೊಳ್ಳುತ್ತವೆ.

ಹಾಗಾದರೆ ಇವನ್ನು ತಡೆದರಾಯಿತಲ್ಲವೇ? ಕಷ್ಟವಿರುವುದೇ ಅಲ್ಲಿ. ಇವು ಕ್ಯಾನ್ಸರ್ ಹೊಸದಾಗಿ ಹುಟ್ಟಿಸಿಕೊಂಡ ಮಾರ್ಗಗಳಲ್ಲ. ಆರೋಗ್ಯವಂತ ಸ್ತನವನ್ನೂ ಕರುಳಿನ ಒಳಪದರವನ್ನೂ ಕಟ್ಟುವ ಮಾರ್ಗಗಳೇ ಇವು. ಗಾಮಾ ಸಿಕ್ರೆಟೇಸನ್ನು ತಡೆಯುವ ಔಷಧಗಳು ಕರುಳಿನ ಕಾಂಡಕೋಶಗಳ ಲೆಕ್ಕಾಚಾರವನ್ನೂ ಕೆಡಿಸುವುದರಿಂದ ರೋಗಿಗಳಿಗೆ ತೀವ್ರ ಭೇದಿಯಾಗುತ್ತದೆ. ಅದನ್ನು ಸಹಿಸಬೇಕಾದವರು ಈಗಾಗಲೇ ಕಿಮೋಥೆರಪಿಯಿಂದ ಬಳಲಿದವರು ಎಂಬುದನ್ನು ನಾನು ಮರೆಯಲಾರೆ.

ಇನ್ನೊಂದು ತೊಡಕೂ ಇದೆ. ಕಾಂಡಕೋಶತನವು ಶಾಶ್ವತ ಗುಣವಲ್ಲ, ಒಂದು ಸ್ಥಿತಿ. ಟಿಜಿಎಫ್ ಬೀಟಾ ಎಂಬ ಪ್ರೋಟೀನಿನಂತಹ ಸಂಕೇತ ದೊರೆತಾಗ ಸಾಧಾರಣ ಗಡ್ಡೆಕೋಶವೂ ಆ ಸ್ಥಿತಿಗೆ ಹೊರಳಬಲ್ಲದು. ಪ್ರಯೋಗಾಲಯದಲ್ಲಿ, ತಳಕ್ಕೆ ಅಂಟಿಕೊಳ್ಳಲಾಗದ ತಟ್ಟೆಯಲ್ಲಿ, ಗಡ್ಡೆಯ ಬಹುಪಾಲು ಕೋಶಗಳು ಸಾಯುತ್ತವೆ. ಕಾಂಡಕೋಶದ ಸ್ಥಿತಿಯಲ್ಲಿರುವ ಬೆರಳೆಣಿಕೆಯಷ್ಟು ಮಾತ್ರ ತೇಲುತ್ತಲೇ ವಿಭಜನೆಗೊಂಡು ಕೆಲವು ದಿನಗಳಲ್ಲಿ ದುಂಡನೆಯ ಗೋಳಗಳಾಗುತ್ತವೆ. ಇರುವ ಗೋಳಗಳನ್ನು ಕರಗಿಸುವ ಔಷಧ ಸಿಕ್ಕರೂ, ಅವುಗಳ ಜಾಗಕ್ಕೆ ಬೇರೆ ಕೋಶಗಳು ಬಾರದಂತೆ ತಡೆಯುವ ಕೆಲಸ ಬಾಕಿಯೇ ಇರುತ್ತದೆ.