ವ್ಯಾನಲ್ಲಿ ಮಲಗೋಕೆ ಹೆದರಿಕೆ ಆಗಲ್ವಾ?

ಮದುವೆಮನೆ, ಅಡಿಕೆ ಸೊಸೈಟಿ, ಗ್ಯಾರೇಜು, ಎಲ್ಲಿ ಹೋದರೂ ಇದೇ ಪ್ರಶ್ನೆ. ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಸೀಟು ತೆಗೆಸಿ, ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ಮು ಕೂರಿಸಿಕೊಂಡು ಶಿರಸಿಯಿಂದ ಕಾರವಾರದವರೆಗೆ ತಿರುಗುವವನು ನಾನು. (ಆರ್‌ಟಿಒ ಕಾಗದದ ಕತೆ ಬೇರೆ, ಅದನ್ನು ಮಾತ್ರ ಕೇಳಬೇಡಿ.)

ಹೆದರಿಕೆ ಒಂದು ದಿನವೂ ಆಗಿಲ್ಲ. ಮರ್ಯಾದೆ ಸುಮಾರು ಸಲ ಹೋಗಿದೆ.

ಮೊದಲ ಸಲ ಹೋಗಿದ್ದು ಮುರುಗಲು (ಕೋಕಂ) ಹಣ್ಣಿನ ಶರಬತ್ತಿನಿಂದ. ಅತ್ತೆ ಎರಡು ಲೀಟರ್ ಮಾಡಿಕೊಟ್ಟಿದ್ದರು. ಕಪಾಟಿಗೆ ಚಿಲಕ ಇರಲಿಲ್ಲ, ಮನೆ ಅಡುಗೆಮನೆಗೆ ಹಾಕುವಂಥ ಮ್ಯಾಗ್ನೆಟ್ ಹಾಕಿಸಿದ್ದೆ. ದೇವಿಮನೆ ಘಾಟಿಯ ತಿರುವು ಆ ಮ್ಯಾಗ್ನೆಟ್ಟಿಗೆ ಏನು ಗೊತ್ತು? ಹಿಂದೆ ಧಡ್ ಅಂತು. ನಿಲ್ಲಿಸೋಣ ಅಂದರೆ ಬೆನ್ನಿಗೇ ಬಸ್ಸು. ಸುಮ್ನೆ ಇಳಿಸಿಕೊಂಡು ಬಂದೆ.

ಕುಮಟೆಯಲ್ಲಿ ಚಹಾ ಅಂಗಡಿ ಎದುರು ನಿಲ್ಲಿಸಿದಾಗ ಹಿಂಬಾಗಿಲ ಸಂದಿಯಿಂದ ಕಡುಗೆಂಪು ರಸ ಬಂಪರ್ ಮೇಲಿಳಿದು, ನಂಬರ್ ಪ್ಲೇಟಿನ ತುದಿಯಿಂದ ತೊಟ್ಟು ತೊಟ್ಟಾಗಿ ರಸ್ತೆಗೆ ಬೀಳುತ್ತಿತ್ತು. ಕಿಟಕಿಗೆಲ್ಲ ಪರದೆ ಬೇರೆ. ಚಹಾ ಕುಡಿಯುತ್ತಿದ್ದವರು ಒಬ್ಬೊಬ್ಬರಾಗಿ ಎದ್ದರು. "ಒಳಗೆ ಎಂತ ಅದೆ?" ಅಂತ ಒಬ್ಬರು ಕೇಳಿದರು. ಏನೂ ಇಲ್ಲ ಅಂತ ತೋರಿಸಲು ಬೆರಳಲ್ಲಿ ಒರೆಸಿ ನೆಕ್ಕಿದೆ. ಹಾಗೆ ಮಾಡಬಾರದಿತ್ತು! ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಬಾಗಿಲು ತೆಗೆದು ಹುಳಿ ವಾಸನೆ ಬಂದ ಮೇಲೆಯೇ, "ಮುರುಗಲಲ್ವಾ ಮಾರಾಯ್ರೆ!" ಅಂದರು. ಈಗ ಎಲ್ಲ ಕಪಾಟಿಗೂ ಕಬ್ಬಿಣದ ಚಿಲಕ. ಕರಾವಳಿಯ ಉಪ್ಪು ಗಾಳಿಗೆ ಅದೂ ತುಕ್ಕು ಹಿಡಿಯುತ್ತಿದೆ.

ಎರಡನೆಯದು ಪೂರ್ತಿ ನನ್ನದೇ ದಡ್ಡತನ. ಕಾರವಾರದ ಹತ್ತಿರ, ಹುಣ್ಣಿಮೆ ನೋಡಬೇಕು ಅಂತ ಮರಳಿನ ಮೇಲೇ ನಿಲ್ಲಿಸಿ ಮಲಗಿದೆ. ಹುಣ್ಣಿಮೆ ದಿನ ಉಬ್ಬರ ಜಾಸ್ತಿ ಅನ್ನುವುದನ್ನು ಶಾಲೆಯಲ್ಲಿ ಓದಿದ್ದೆ, ನೆನಪಾಗಿದ್ದು ಚಕ್ರಕ್ಕೆ ನೀರು ಬಡಿದಾಗ. ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದೆ. ಒತ್ತಿದಷ್ಟೂ ಚಕ್ರ ತನ್ನ ಗುಂಡಿ ತಾನೇ ತೋಡಿಕೊಂಡಿತು. ಬೆಳಿಗ್ಗೆ ರಂಪಣಿ ಬಲೆಯವರು, ಅಂದರೆ ದಡದಲ್ಲಿ ನಿಂತು ದೊಡ್ಡ ಬಲೆ ಎಳೆಯುವ ಮೀನುಗಾರರು, ಬಂದರು. ಟೈರಿನ ಗಾಳಿ ಅರ್ಧ ಬಿಡಿ ಅಂದರು. ಟೈರು ಚಪ್ಪಟೆಯಾಗಿ ಮರಳಿನ ಮೇಲೆ ಅಗಲಕ್ಕೆ ಕೂತರೆ ಹೂತುಕೊಳ್ಳುವುದು ಕಡಿಮೆ. ಆಮೇಲೆ ಹಗ್ಗ ಕಟ್ಟಿ, ಬಲೆ ಎಳೆಯುವ ಹಾಗೇ ಸಾಲಾಗಿ ನಿಂತು ಎಳೆದರು. "ಇವತ್ತು ಬಂಗಡೆ ಇಲ್ಲ, ಟೆಂಪೋ ಬಿತ್ತು" ಅಂತ ಒಬ್ಬ ಕೂಗಿದ. ಪಂಚೆಯಲ್ಲಿ ನಿಂತಿದ್ದ ನಾನೂ ನಕ್ಕೆ, ಇನ್ನೇನು ಮಾಡಲಿ.

ಹೆದರಿಕೆ ಆಗಿದ್ದು ನನ್ನ ಹೆಂಡತಿಗೆ, ಅದೂ ಹಗಲು ಹೊತ್ತಲ್ಲಿ. ಕತಗಾಲದಲ್ಲಿ ಬಾಳೆಹಣ್ಣು ತರಲು ನಾನು ಇಳಿದಿದ್ದೆ, ಅವಳು ಒಳಗೆ ಮಲಗಿದ್ದಳು. ವಾಪಸ್ ಬಂದು ನೋಡಿದರೆ ಮಂಚದ ತುದಿಯಲ್ಲಿ ಒಬ್ಬ ಅಜ್ಜಿ, ಮಡಿಲಲ್ಲಿ ಬಸಳೆ ಕಟ್ಟು. ಹೆಂಡತಿ ಹೊದಿಕೆ ಎಳೆದುಕೊಂಡು ಮೂಲೆಯಲ್ಲಿ ಕೂತಿದ್ದಾಳೆ. "ಕುಮಟೆಗೆ ಹೋಗ್ತದಲ್ಲಾ ತಮಾ?" ಅಂತ ಅಜ್ಜಿ ಕೇಳಿದರು. ನಾವು ಶಿರಸಿಗೆ ಹೊರಟವರು. ಆದರೂ ತಿರುಗಿಸಿಕೊಂಡು ಹೋಗಿ ಬಿಟ್ಟೆ. ಇಳಿಯುವಾಗ ಇಪ್ಪತ್ತು ರೂಪಾಯಿ ಕೈಗಿಟ್ಟು, "ಸೀಟು ಚಲೋ ಅದೆ, ಆದ್ರೆ ಜನ ಕೂರೂಕೆ ಜಾಗ ಸಾಲೂದಿಲ್ಲ" ಅಂದರು.