ಎಕ್ಸಾಕ್ಟ್ ಸೊಲ್ಯೂಶನ್ ರಿಜಿಸ್ಟರ್: ಕೆಡಿವಿ ಪುಟ ಮುಗೀತು, ಫಿಶರ್ ಶುರು ಆಗ್ಯದ

ಹೋದ ಸಲ ಬರೆದಾಗ ರಿಜಿಸ್ಟರ್‌ನಾಗ ಪೆಂಡುಲಮ್ ಮತ್ತ ಬರ್ಗರ್ಸ್ (ಹರಿಯೋ ದ್ರವದ ಒಂದು ಸರಳ ಇಕ್ವೇಶನ್) ಎರಡೇ ಇದ್ವು, ಈಗ ನೀರಿನ ಅಲೆ ಇಕ್ವೇಶನ್ ಕೆಡಿವಿ ಪೂರ್ತಿ ಆಯ್ತು, ಎರಡು ಸೊಲಿಟಾನ್ (ಆಕಾರ ಕೆಡದ ಸಾಗೋ ಒಂಟಿ ಅಲೆ) ಒಂದಕ್ಕೊಂದು ಹಾಯೋದು ಸೈತ ಸೇರಿ. ಹೊಸದಾಗಿ ಓದೋರಿಗೆ ಒಂದ್ ಮಾತು ಹೇಳ್ತೀನಿ, ಫಿಸಿಕ್ಸ್‌ನಾಗ ಬರೋ ನಾನ್‌ಲೀನಿಯರ್ ಡಿಫರೆನ್ಷಿಯಲ್ ಇಕ್ವೇಶನ್ ಒಂದೊಂದೇ ತಗೊಂಡು ಅದರ ಎಕ್ಸಾಕ್ಟ್ ಸೊಲ್ಯೂಶನ್ ಕೈಯಿಂದ ತೆಗೆಯೋದು, ಆಮ್ಯಾಲ ಪೈಥಾನ್‌ನಾಗ ಸಿಂಪೈ (ಬೀಜಗಣಿತ ಮಾಡೋ ಲೈಬ್ರರಿ) ಹಾಕಿ ತಿರುಗಿ ಇಕ್ವೇಶನ್ನಿಗೇ ಕೂಡಿಸಿ ಸೊನ್ನೆ ಬರ್ತದೋ ಇಲ್ಲೋ ನೋಡೋದು, ಇಷ್ಟು ನನ್ನ ಪ್ರಾಜೆಕ್ಟ್. ಹಗಲು ಪಿಯುಸಿ ಮಕ್ಕಳಿಗೆ ಗಣಿತ ಹೇಳ್ತೀನಿ, ರಾತ್ರಿ ಊಟ ಆದ ಮ್ಯಾಲ ಇದು. ರಿಜಿಸ್ಟರ್‌ನಾಗ ಕೊನೀಗೆ ಒಂದು ಕಾಲಂ ಅದ, ಅದಕ್ಕ "ನೆಂಟಸ್ತನ" ಅಂತ ಹೆಸರಿಟ್ಟೀನಿ, ಅಂದ್ರ ಸಿಕ್ಕ ಸೊಲ್ಯೂಶನ್ ಖರೇನೇ ಹೊಸದೋ ಇಲ್ಲಾ ಹಳೇದೇ ಬ್ಯಾರೆ ಅಂಗಿ ಹಾಕ್ಕೊಂಡು ಬಂದದೋ ಅಂತ ಬರೆಯೋ ಜಾಗ. ಈ ಸಲ ಆ ಕಾಲಮ್ಮೇ ಭಾಳ ಕೆಲ್ಸ ಕೊಟ್ಟದ.

ಪೆಂಡುಲಮ್ ಬಗ್ಗೆ ಒಂದೇ ಮಾತು, ಯಾಕಂದ್ರ ಮಕ್ಕಳು ಇನ್ನೂ ಕೇಳ್ತಾರ. ಪುಸ್ತಕದಾಗಿನ ಪೀರಿಯಡ್ ಸೂತ್ರ, ಎರಡು ಪೈ ರೂಟ್ ಎಲ್ ಬೈ ಜಿ, ಸಣ್ಣ ಕೋನಕ್ಕ ಮಾತ್ರ. 90 ಡಿಗ್ರಿಯಿಂದ ಬಿಟ್ರ ಪೀರಿಯಡ್ ಅದಕ್ಕಿಂತ ಸುಮಾರು 18 ಪರ್ಸೆಂಟ್ ಜಾಸ್ತಿ, ಅದನ್ನ ಎಲಿಪ್ಟಿಕ್ ಇಂಟಿಗ್ರಲ್ ಹಾಕಿ ಎಕ್ಸಾಕ್ಟ್ ಆಗಿ ಬರೀಬಹುದು, ಅಂದಾಜು ಮಾಡೋದೇ ಬ್ಯಾಡ.

ಯುಗಾದಿ ಆದ ಮ್ಯಾಲ: ಕೆಡಿವಿ ಶುರು

ಕೆಡಿವಿ ಅಂದ್ರ ಕೋರ್ಟೆವೆಗ್ ಮತ್ತ ಡಿ ವ್ರೀಸ್ 1895ರಾಗ ಬರೆದ ಇಕ್ವೇಶನ್, ಆಳ ಕಡಿಮಿ ಇರೋ ನೀರಿನ ಅಲೆದು. ಫ್ರಾನ್ಸಿನ ಬೂಸಿನೆಸ್ಕ್ ಅದಕ್ಕೂ ಮೊದಲೇ 1870ರ ದಶಕದಾಗ ಇಲ್ಲಿಗೆ ಮುಟ್ಟಿದ್ದ, ಅವನ ಹೆಸರು ಹಿಂದ ಬಿತ್ತು. ಯು ಅಂದ್ರ ಅಲೆ ಎತ್ತರ, ಯು-ಎಕ್ಸ್ ಅಂದ್ರ ಎಕ್ಸ್ ಮ್ಯಾಲ ಅದರ ಡೆರಿವೇಟಿವ್. ಮೂರು ಪದ ಅವ: ಟೈಮ್ ಡೆರಿವೇಟಿವ್, 6 ಸಲ ಯು ಗುಣಿಸು ಯು-ಎಕ್ಸ್, ಮತ್ತ ಯು-ಎಕ್ಸ್-ಎಕ್ಸ್-ಎಕ್ಸ್, ಮೂರೂ ಕೂಡಿದ್ರ ಸೊನ್ನೆ. ನಡುವಿನ ನಾನ್‌ಲೀನಿಯರ್ ಪದ ಅಲೆ ಮುಂದಿನ ಮೈಯನ್ನ ಕಡಿದಾಗಿ ನಿಲ್ಲಿಸ್ಲಿಕ್ಕೆ ನೋಡ್ತದ, ಕೊನೀದು ಅಲೇನ ಹರಡಿ ಚೆಲ್ಲಾಪಿಲ್ಲಿ ಮಾಡ್ಲಿಕ್ಕೆ ನೋಡ್ತದ. ಎರಡೂ ಸಮ ಆದ ಕಡೆ ಆಕಾರ ಕೆಡದ ಒಂದೇ ಗುಡ್ಡ ಹಂಗೇ ಸಾಗ್ತದ. ಅದೇ ಸೊಲಿಟಾನ್.

ಮೊದಲು ಯು ಅನ್ನೋದು ಎಕ್ಸ್ ಮೈನಸ್ ಸಿ-ಟಿ (ಸಿ ಅಂದ್ರ ಅಲೆ ವೇಗ) ಮ್ಯಾಲ ಮಾತ್ರ ನಿಂತದ ಅಂತ ಹಿಡಿದ್ರ ಪಾರ್ಶಿಯಲ್ ಹೋಗಿ ಆರ್ಡಿನರಿ ಇಕ್ವೇಶನ್ ಉಳೀತದ. ಒಂದ್ ಸಲ ಇಂಟಿಗ್ರೇಟ್ ಮಾಡಿ ಕಾನ್‌ಸ್ಟಂಟ್ ಸೊನ್ನೆ ಇಟ್ಟೆ. ಇಲ್ಲಿಂದ ಟ್ಯಾನ್‌ಎಚ್ ಮೆಥಡ್, ಮಾಲ್‌ಫ್ಲೀಟ್ 1992ರಾಗ ಅಚ್ಚುಕಟ್ಟಾಗಿ ಬರೆದು ಕೊಟ್ಟಿದ್ದು. ಸೊಲ್ಯೂಶನ್ನೇ ಟ್ಯಾನ್‌ಎಚ್‌ದ (ಹೈಪರ್ಬಾಲಿಕ್ ಟ್ಯಾಂಜೆಂಟ್) ಪಾಲಿನಾಮಿಯಲ್ ಅಂತ ಹಿಡಿಯೋದು, ಟ್ಯಾನ್‌ಎಚ್ ಒಳಗ ಎಕ್ಸ್ ಮೈನಸ್ ಸಿ-ಟಿಗೆ ಗುಣಿಸಿದ ಅಂಕಿ ಕೆ, ಡಿಗ್ರಿ ಎಷ್ಟು ಅನ್ನೋದನ್ನ ಇಕ್ವೇಶನ್ನಿಂದಲೇ ಕೇಳೋದು. ಎರಡು ಸಲ ಡೆರಿವೇಟಿವ್ ತಗೊಂಡ್ರ ಡಿಗ್ರಿ ಎರಡು ಏರ್ತದ, ವರ್ಗ ಮಾಡಿದ್ರ ಡಬಲ್ ಆಗ್ತದ, ಎರಡೂ ಸಮ ಆಗಬೇಕು ಅಂದ್ರ ಡಿಗ್ರಿ 2. ಅಷ್ಟೇ ನೋಡ್ರಿ, ಆಮ್ಯಾಲ ಪವರ್ ಪವರ್‌ಗೆ ಕೋಎಫಿಶಿಯಂಟ್ ಸೊನ್ನೆ ಮಾಡ್ಕೋತ ಹೋಗೋದು, ಎಂಟನೇ ಕ್ಲಾಸಿನ ಬೀಜಗಣಿತ.

ಟ್ಯಾನ್‌ಎಚ್ ನಾಲ್ಕನೇ ಪವರ್‌ನಿಂದ ವರ್ಗದ ಮುಂದಿನ ಕೋಎಫಿಶಿಯಂಟ್ ಮೈನಸ್ 2ಕೆ² ಅಂತ ಬರ್ತದ. ಉಳಿದ ಎರಡು ಶರತ್ತು ಸೇರಿಸಿದ್ರ ಕಾನ್‌ಸ್ಟಂಟ್ ಪದಕ್ಕ ಒಂದು ಕ್ವಾಡ್ರಾಟಿಕ್, ಅದಕ್ಕ ಎರಡು ರೂಟ್. ಒಂದು 2ಕೆ², ಆಗ ವೇಗ 4ಕೆ², ಎರಡೂ ಕಡೆ ಸೊನ್ನೆಗೆ ಇಳಿಯೋ ಸೆಕ್‌ಎಚ್ ವರ್ಗದ ಗುಡ್ಡ, ಎಲ್ಲಾರೂ ಬಲ್ಲ ಸೊಲಿಟಾನ್. ಇನ್ನೊಂದು ರೂಟ್ 2ಕೆ²ದ ಮೂರನೇ ಒಂದು ಪಾಲು, ಆಗ ವೇಗ ಮೈನಸ್ 4ಕೆ². ಅಂದ್ರ ಉಲ್ಟಾ ದಿಕ್ಕಿಗೆ ಹೋಗೋ ಅಲೆ! ನೋಡಿದ ಕೂಡ್ಲೇ ಹೊಸಾದು ಅನಸ್ತದ, ದೂರದಾಗ ಸೊನ್ನೆಗೂ ಬರಲ್ಲ, ಮೈನಸ್ 4ಕೆ²ದ ಮೂರನೇ ಪಾಲಿಗೆ ಹೋಗಿ ನಿಲ್ತದ.

ಇಲ್ಲೇ ನೆಂಟಸ್ತನದ ಕಾಲಂ ಬರೋದು. ಕೆಡಿವಿಗೆ ಒಂದು ಗುಣ ಅದ, ಯುಗೆ ಒಂದು ಕಾನ್‌ಸ್ಟಂಟ್ ಕೂಡಿಸಿ, ಅದರ 6 ಪಟ್ಟು ವೇಗದಾಗ ಓಡೋ ಫ್ರೇಮ್‌ಗೆ ಹೋದ್ರ ಇಕ್ವೇಶನ್ ಬದಲಾಗಂಗಿಲ್ಲ, ಗೆಲಿಲಿಯನ್ ಸಿಮೆಟ್ರಿ ಅಂತಾರ. ಮೊದಲಿನ ಸೊಲಿಟಾನ್ ತಗೊಂಡು ಅದರಿಂದ 4ಕೆ²ದ ಮೂರನೇ ಪಾಲು ಕಳೀರಿ, ವೇಗದಿಂದ ಅದರ 6 ಪಟ್ಟು ಅಂದ್ರ 8ಕೆ² ಕಳೀರಿ. 4ಕೆ² ಮೈನಸ್ 8ಕೆ², ಮೈನಸ್ 4ಕೆ². ಅದೇ ಎರಡನೇ ಸೊಲ್ಯೂಶನ್, ಒಂದು ಕೂದಲೆಳಿ ಫರಕಿಲ್ಲ. ಗುಡ್ಡ ಅದೇ, ನೆಲ ಮಾತ್ರ ಕೆಳಗ ಇಳಿದದ. ನನಗ ಈ ಲೆಕ್ಕ ಭಾಳ ಹಿಡಿಸ್ತು, ಯಾಕಂದ್ರ ಇದ್ರಾಗ ಕಂಪ್ಯೂಟರ್ ಏನೂ ಬೇಕಾಗಿಲ್ಲ, ಸಿಮೆಟ್ರಿ ಏನು ಅಂತ ಗೊತ್ತಿದ್ರ ಎರಡು ಸಾಲಿನಾಗ ಮುಗೀತದ, ಗೊತ್ತಿಲ್ಲಂದ್ರ ಅದೇ ಒಂದನ್ನ ಎರಡು ಅಂತ ಎಣಿಸ್ಕೋತ ಕೂಡಬೇಕು.

ಬಿಸಿಲು ನೆತ್ತಿ ಸುಡೋ ಹೊತ್ತು: ಟ್ಯಾನ್‌ಎಚ್ ಮತ್ತ ಕಾಟ್‌ಎಚ್

ನಮ್ಮ ಓಣ್ಯಾಗ ಒಬ್ಬಾಕಿ ಎಂಎಸ್ಸಿ ಓದ್ತಾಳ, ಕಡಗಂಚಿ ಸೆಂಟ್ರಲ್ ಯುನಿವರ್ಸಿಟಿಗೆ ದಿನಾ ಬಸ್ಸಿಗೆ ಹೋಗಿಬರ್ತಾಳ. ಒಂದಿನ ಸಂಜಿಮುಂದ ಪ್ರಾಜೆಕ್ಟಿನ ಹಾಳಿ ಹಿಡ್ಕೊಂಡು ಬಂದ್ಳು. "ಅಣ್ಣಾ, ಇಲ್ಲಿ ಟ್ಯಾನ್‌ಎಚ್ ಪ್ಲಸ್ ಕಾಟ್‌ಎಚ್ ಅಂತ ಒಂದು ಸೊಲ್ಯೂಶನ್ ಬಂದದ, ಟ್ಯಾನ್‌ಎಚ್ ಒಂದು, ಕಾಟ್‌ಎಚ್ ಒಂದು, ಇದು ಮೂರನೇದು ಅಂತ ಬರೀಲೇನು?"

ನಾ ಪೆನ್ನು ಅಕೀ ಕೈಯಾಗೇ ಕೊಟ್ಟು ಎರಡೂನೂ ಎಕ್ಸ್‌ಪೊನೆನ್ಷಿಯಲ್‌ನಾಗ ಬರಿ ಅಂದೆ. ಟ್ಯಾನ್‌ಎಚ್ ಎಕ್ಸ್ ಪ್ಲಸ್ ಕಾಟ್‌ಎಚ್ ಎಕ್ಸ್ ಅಂದ್ರ 2 ಕಾಟ್‌ಎಚ್ 2ಎಕ್ಸ್. ಅಂದ್ರ ಮೂರನೇದು ಎರಡನೇದೇ, ಕೆ ಡಬಲ್ ಆಗ್ಯದ ಅಷ್ಟೇ. ಮತ್ತ ಕಾಟ್‌ಎಚ್ ಸೈತ ಟ್ಯಾನ್‌ಎಚ್‌ದಾಗ ಫೇಸ್ ಅನ್ನ ಐ ಪೈ ಬೈ 2 ಅಷ್ಟು (ಐ ಅಂದ್ರ ಮೈನಸ್ 1ರ ವರ್ಗಮೂಲ) ಸರಿಸಿದ್ರ ಬರೋದೇ. ಹಂಗಂದ್ರ ಮೂರೂ ಒಂದೇ ಮನೀವು, ಆದ್ರ ಫಿಸಿಕ್ಸ್‌ದಾಗ ಒಂದು ಫರಕ್ ಮರೀಬಾರ್ದು, ಕಾಟ್‌ಎಚ್ ಸೊನ್ನೆ ಹತ್ರ ಇನ್‌ಫಿನಿಟಿಗೆ ಹಾರ್ತದ, ನೀರಿನ ಎತ್ತರ ಹಂಗ ಹಾರೋದಿಲ್ಲ. "ಹಂಗಾದ್ರ ಮೂರು ಪುಟ ಹೋದ್ವಲ್ಲಣ್ಣಾ" ಅಂದ್ಳು ಸಣ್ಣ ದನಿಯಾಗ. ಹೋಗ್ಲಿಲ್ಲವ್ವ, ಆ ಮೂರು ಪುಟಕ್ಕ ಒಂದು ಪುಟ ಕೂಡಿಸಿ ಮೂರೂ ಹೆಂಗ ಒಂದು ಅಂತ ತೋರ್ಸು, ಅದೇ ನಿನ್ನ ಪ್ರಾಜೆಕ್ಟಿನ ಛಲೋ ಪುಟ ಆಗ್ತದ ಅಂದೆ, ಹಂಗೇ ಬರೀಲಿಕ್ಕತ್ಯಾಳ.

ರಷ್ಯಾದ ಕುದ್ರ್ಯಾಶೋವ್ 2009ರಾಗ ಇದರ ಬಗ್ಗೇನೇ ಒಂದು ಪೇಪರ್ ಬರೆದಾರ, ಎಕ್ಸಾಕ್ಟ್ ಸೊಲ್ಯೂಶನ್ ಹುಡುಕೋದ್ರಾಗ ಜನ ಮತ್ತ ಮತ್ತ ಮಾಡೋ ಏಳು ತಪ್ಪು ಅಂತ. ಈ ಕೆಲ್ಸ ಮಾಡೋ ಪ್ರತಿಯೊಬ್ಬರೂ ಅದನ್ನ ಮೊದಲು ಓದ್ಬೇಕು ಅಂತ ನನ್ನ ಅಭಿಪ್ರಾಯ. ಹೊಸ ಹೊಸ ಹೆಸರಿನ ಮೆಥಡ್ ಬರ್ತಾವ, 2008ರ ಜಿ-ಪ್ರೈಮ್ ಬೈ ಜಿ ಮೆಥಡ್ ತಗೋರಿ, ಜಿ ಒಂದು ಲೀನಿಯರ್ ಸೆಕೆಂಡ್ ಆರ್ಡರ್ ಇಕ್ವೇಶನ್ ಪಾಲಿಸ್ತದ, ಹಂಗಾಗಿ ಜಿ-ಪ್ರೈಮ್ ಬೈ ಜಿ ಅನ್ನೋದು ರಿಕಾಟಿ ಇಕ್ವೇಶನ್ (ವರ್ಗದ ಪದ ಇರೋ ಫಸ್ಟ್ ಆರ್ಡರ್ ಇಕ್ವೇಶನ್) ಪಾಲಿಸ್ತದ, ರಿಕಾಟಿ ಬಿಡಿಸಿದ್ರ ಮತ್ತ ಟ್ಯಾನ್‌ಎಚ್ಚೇ. ಮೆಥಡ್ ಬ್ಯಾಡ ಅನ್ನಂಗಿಲ್ಲ, ಕೈಗೆ ಯಾವುದು ಸಲೀಸೋ ಅದನ್ನ ಹಿಡೀರಿ, ಆದ್ರ ಬಂದ ಉತ್ತರ ಹೊಸದು ಅಂತ ಹೇಳೋದಕ್ಕ ಮುಂಚೆ ಒಂದ್ ಸಲ ಎಕ್ಸ್‌ಪೊನೆನ್ಷಿಯಲ್‌ನಾಗ ಬಿಚ್ಚಿ ನೋಡ್ರಿ.

ಚೆಕಿಂಗ್ ಪ್ರೋಗ್ರಾಮ್ ಬಗ್ಗೆ: ಸಿಂಪೈದಾಗ ಸಿಂಪ್ಲಿಫೈ ಒತ್ತಿ ಸುಮ್ಕ ಕೂತ್ರ ದೊಡ್ಡ ಹೈಪರ್ಬಾಲಿಕ್ ಎಕ್ಸ್‌ಪ್ರೆಶನ್ ಎಷ್ಟೋ ಹೊತ್ತು ಅಲ್ಲೇ ತಿರುಗ್ತದ, ಬ್ಯಾಸಿಗಿ ದಿನದಾಗ ನಡುವೆ ಕರೆಂಟ್ ಹೋದ್ರ ಮತ್ತ ಮೊದಲಿಂದ. ಅದಕ್ಕ ಈಗ ಎರಡು ಹಂತ ಮಾಡೀನಿ. ಮೊದಲು ಎಮ್‌ಪಿಮ್ಯಾಥ್ (ಬೇಕಾದಷ್ಟು ಅಂಕಿತನಕ ಲೆಕ್ಕ ಮಾಡೋ ಪೈಥಾನ್ ಲೈಬ್ರರಿ) ಒಳಗ 50 ಅಂಕಿ ಇಟ್ಟು ಕೆ, ಎಕ್ಸ್, ಟಿಗೆ ಅಡ್ಡಾದಿಡ್ಡಿ ಬೆಲಿ ಹಾಕಿ ಇಕ್ವೇಶನ್ನಿನ ಉಳಿಕೆ ನೋಡೋದು, ಸೊಲ್ಯೂಶನ್ ಖರೇ ಇದ್ರ 10ರ ಮೈನಸ್ 48ರ ಆಸುಪಾಸು ಬರ್ತದ, ಸುಳ್ಳಿದ್ರ 0.03, 1.7 ಹಿಂಗ ಎದ್ದು ಕಾಣ್ತದ. ಇದಕ್ಕ ಒಂದು ಸೆಕೆಂಡೂ ಬೇಕಾಗಂಗಿಲ್ಲ. ಅದ್ರಾಗ ಪಾಸ್ ಆದ್ರ ಮಾತ್ರ ಟ್ಯಾನ್‌ಎಚ್‌ಗೆ ವೈ ಅಂತ ಇಟ್ಟು, ಡೆರಿವೇಟಿವ್ ಅಂದ್ರ ಕೆ ಗುಣಿಸು 1 ಮೈನಸ್ ವೈ² ಅಂತ ಹೇಳಿಕೊಟ್ಟು, ಪೂರಾ ಪಾಲಿನಾಮಿಯಲ್ ಮಾಡಿ ಎಕ್ಸ್‌ಪಾಂಡ್ ಮಾಡೋದು. ಪಾಲಿನಾಮಿಯಲ್ ಸೊನ್ನೆ ಆಯ್ತಂದ್ರ ಅದು ಪ್ರೂಫ್, ಬರೀ ಅಂಕಿ ಹೊಂದಿದ್ದಲ್ಲ.

ಹಿರೋಟಾ

ಇದು ನನ್ನ ರಿಜಿಸ್ಟರ್‌ನಾಗಿನ ಅಗದಿ ಚಂದನ ಪುಟ. ನಾನ್‌ಲೀನಿಯರ್ ಅಂದ್ರ ಎರಡು ಸೊಲ್ಯೂಶನ್ ಕೂಡಿಸಿದ್ರ ಮೂರನೇ ಸೊಲ್ಯೂಶನ್ ಆಗಂಗಿಲ್ಲ, ಅದೇ ತಲಿನೋವು. ಬರ್ಗರ್ಸ್‌ದಾಗ ಕೋಲ್ ಮತ್ತ ಹಾಪ್ಫ್ 1950ರ ಆಸುಪಾಸು ಕೊಟ್ಟ ಬದಲಾವಣೆ ಮಾಡಿದ್ರ ಇಡೀ ಇಕ್ವೇಶನ್ನೇ ಲೀನಿಯರ್ ಆದ ಹೀಟ್ ಇಕ್ವೇಶನ್ ಆಗಿ ತಲಿನೋವು ಹೋಗ್ತದ, ಕೆಡಿವಿಗೆ ಅಷ್ಟು ಸಸಾರ ಇಲ್ಲ. 1965ರಾಗ ಜಬುಸ್ಕಿ ಮತ್ತ ಕ್ರುಸ್ಕಲ್ ಕಂಪ್ಯೂಟರ್‌ನಾಗ ನೋಡಿದ್ರು, ಗುಡ್ಡಗೋಳು ಒಂದ್ರೊಳಗೊಂದು ಹಾದು ಹೋಗಿ ತಮ್ಮ ಆಕಾರ ತಿರುಗಿ ಪಡೀತಾವ, ಸೊಲಿಟಾನ್ ಅಂತ ಹೆಸರಿಟ್ಟೋರೂ ಅವರೇ. 1967ರಾಗ ಗಾರ್ಡ್‌ನರ್, ಗ್ರೀನ್, ಕ್ರುಸ್ಕಲ್, ಮಿಯುರಾ ಇನ್ವರ್ಸ್ ಸ್ಕ್ಯಾಟರಿಂಗ್ ಅನ್ನೋ ಕೆಡಿವಿ ಬಿಡಿಸೋ ದಾರಿ ಕೊಟ್ರು. 1971ರಾಗ ಜಪಾನಿನ ಹಿರೋಟಾ ಎಲ್ಲಾರಿಗೂ ಕೈಗೆಟುಕೋ ದಾರಿ ತೋರಿಸಿದ್ರು: ಯು ಅಂದ್ರ ಎಫ್‌ನ ಲಾಗ್ ತಗೊಂಡು ಎರಡು ಸಲ ಡೆರಿವೇಟಿವ್, ಅದರ 2 ಪಟ್ಟು. ಎಫ್ ಅಂದ್ರ 1 ಕೂಡಿಸು ಒಂದು ಎಕ್ಸ್‌ಪೊನೆನ್ಷಿಯಲ್, ಕೂಡಿಸು ಇನ್ನೊಂದು, ಕೂಡಿಸು ಎರಡರ ಗುಣಾಕಾರದ ಮುಂದ ಒಂದು ಕೋಎಫಿಶಿಯಂಟ್. ಆ ಕೋಎಫಿಶಿಯಂಟ್ ಕೆಗಳ ವ್ಯತ್ಯಾಸವನ್ನ ಅವುಗಳ ಮೊತ್ತದಿಂದ ಭಾಗಿಸಿ ವರ್ಗ ಮಾಡಿದ್ದು. ಅಲ್ಲಿಗೆ ಸಾಲು ನಿಲ್ತದ, ಮುಂದಿನ ಪದಗೋಳೆಲ್ಲಾ ತಾವೇ ಸೊನ್ನೆ.

ನಾ ತಗೊಂಡಿದ್ದು ಕೆ 1 ಮತ್ತ 2 (ಇಲ್ಲಿನ ಕೆ ಎಕ್ಸ್‌ಪೊನೆನ್ಷಿಯಲ್ ಒಳಗಿಂದು, ಮ್ಯಾಲಿನ ಟ್ಯಾನ್‌ಎಚ್ ಕೆದ ಡಬಲ್). ಕೋಎಫಿಶಿಯಂಟ್ 9ರಾಗ ಒಂದು ಪಾಲು. ಸಣ್ಣ ಗುಡ್ಡದ ಎತ್ತರ 0.5 ವೇಗ 1, ದೊಡ್ಡದರ ಎತ್ತರ 2 ವೇಗ 4. ದೊಡ್ಡದು ಹಿಂದಿನಿಂದ ಬಂದು ಸಣ್ಣದನ್ನ ದಾಟ್ತದ. ಈಗ ಕೇಳ್ರಿ, ಎರಡೂ ಒಂದೇ ಕಡೆ ಬಂದ ಘಳಿಗ್ಯಾಗ ಎತ್ತರ ಎಷ್ಟು? ಕೂಡಿಸಿದ್ರ 2.5, ಲೀನಿಯರ್ ಅಲೆ ಆಗಿದ್ರ ಅದೇ ಉತ್ತರ. ಇಲ್ಲಿ 1.5, ಕಳೆದ್ರ ಬರೋದು! ದೊಡ್ಡ ಗುಡ್ಡ ತಾನೇ ಒಂದೀಟು ಕುಗ್ಗಿ ಸಣ್ಣದಕ್ಕ ದಾರಿ ಬಿಟ್ಟಂಗ, ಆಮ್ಯಾಲ ತಿರುಗಿ 2ಕ್ಕ ಏರ್ತದ. ಆಕಾರ ಪೂರಾ ತಿರುಗಿ ಬರ್ತದ, ಆದ್ರ ಜಾಗ ಬದಲಾಗಿರ್ತದ, ದೊಡ್ಡದು ತಾನು ಇರಬೇಕಾದ ಕಡಿಗಿಂತ ಲಾಗ್ 3 ಅಷ್ಟು, ಅಂದ್ರ 1.0986 ಮುಂದ, ಸಣ್ಣದು ಅದರ ಡಬಲ್ ಹಿಂದ. ಎರಡರ ನಡುವೆ ಮಾತುಕತೆ ಆಗ್ಯದ ಅನ್ನೋದಕ್ಕ ಈ ಸರಿದಾಟ ಒಂದೇ ಸಾಕ್ಷಿ. ಗ್ರಾಫ್ ತೆಗೆದು ಗ್ವಾಡಿಗೆ ಹಚ್ಚೀನಿ.

ಶಹಾಪುರದ ಕಡೆ

ಕೆಡಿವಿ ಮುಗಿಸೋ ಮುಂದ ಕಾಲುವಿ ನೋಡದ ಇದ್ರ ಹೆಂಗ. ಇಂಥ ಒಂಟಿ ಅಲೆ ಮೊದಲು ಗುರುತಿಸಿದ ಸ್ಕಾಟ್ಲೆಂಡಿನ ಇಂಜಿನಿಯರ್ ಸ್ಕಾಟ್ ರಸೆಲ್ 1834ರ ಆಗಸ್ಟ್‌ನಾಗ ಎಡಿನ್‌ಬರ್ಗ್ ಹತ್ರದ ಯೂನಿಯನ್ ಕಾಲುವಿ ದಂಡಿ ಮ್ಯಾಲ ಕುದುರಿ ಮ್ಯಾಲಿದ್ದ, ಕುದುರಿ ಎಳೀತಿದ್ದ ದೋಣಿ ಗಕ್ಕನೆ ನಿಂತಾಗ ಅದರ ಮುಂದಿನ ನೀರು ಗುಡ್ಡ ಆಗಿ ಎದ್ದು ಹೊಂಟಿತು, ಸುಮಾರು 30 ಅಡಿ ಉದ್ದ, ಒಂದರಿಂದ ಒಂದೂವರೆ ಅಡಿ ಎತ್ತರ, ತಾಸಿಗೆ 8-9 ಮೈಲಿ. ಅಂವ ಒಂದೆರಡು ಮೈಲಿ ಬೆನ್ನು ಹತ್ತಿದ. ಆ ಅಲೆ ವೇಗಕ್ಕ ರಸೆಲ್ಲನೇ ಕೊಟ್ಟ ಸೂತ್ರ ಅದ, ನೀರಿನ ಆಳಕ್ಕ ಅಲೆ ಎತ್ತರ ಕೂಡಿಸಿ, ಗುರುತ್ವದ ಜಿಯಿಂದ ಗುಣಿಸಿ, ವರ್ಗಮೂಲ. ಆಳ 5 ಅಡಿ, ಅಲೆ 1 ಅಡಿ ಅಂತ ನಾನೇ ಹಿಡಿದು ಹಾಕಿದ್ರ ತಾಸಿಗೆ ಒಂಬತ್ತೂವರೆ ಮೈಲಿ ಹತ್ರ ಬರ್ತದ. ಕುದುರಿ ಮ್ಯಾಲ ಕೂತು ನೋಡಿದ ಲೆಕ್ಕಕ್ಕ ಇಷ್ಟು ಹೊಂದೋದು ಸಣ್ಣ ಮಾತಲ್ಲ.

ನಮ್ಮ ಮಾಮಾನ ಹೊಲ ಯಾದಗಿರಿ ಜಿಲ್ಲಾ ಶಹಾಪುರ ಕಡೆ, ನಾರಾಯಣಪುರ ಎಡದಂಡೆ ಕಾಲುವಿ ನೀರು ಬರೋ ಸಣ್ಣ ಕಾಲುವಿ ಬಾಜೂಕೇ ಅದ. ನೀರು ಬಿಟ್ಟ ಟೈಮಿಗೆ ಹೋಗಿದ್ದೆ. "ಏನ್ ಅಳಿಯಾ, ನೀರು ನೋಡ್ಲಿಕ್ಕ ಕಲಬುರಗಿಯಿಂದ ಬಂದಿಯಲ್ಲ" ಅಂದ್ರೂ ಮಾಮಾ ತಾವೇ ಒಂದು ಅಗಲ ಹಲಗಿ ತಂದು ಕೊಟ್ರು. ಹಲಗಿ ಅಡ್ಡ ಹಿಡಿದು ಒಮ್ಮೆಗೇ ಮುಂದ ತಳ್ಳಿ ನಿಲ್ಲಿಸಿದ್ರ ಗುಡ್ಡ ಏಳ್ತದ, ಕಾಲುವಿ ನಡುವ್ಯಾಗ ಚಂದ ಸಾಗ್ತದ, ಆದ್ರ ಕಾಲುವಿ ಬದಿ ಇಳಿಜಾರು ಇರೋದ್ರಿಂದ ದಂಡಿ ಕಡೆ ಆಳ ಕಡಿಮಿ ಆಗಿ ಅಲೆ ಅಲ್ಲಿ ಹಿಂದ ಬಿದ್ದು ಮುರೀತದ. ಮ್ಯಾಲಾಗಿ ನೀರೇ ಹರೀಲಿಕ್ಕತ್ತಿರ್ತದ, ಅದರ ವೇಗ ಬ್ಯಾರೆ ಕೂಡಿಸ್ಬೇಕು. ಮೊಬೈಲ್‌ನಾಗ ವಿಡಿಯೋ ಹಿಡಿದೀನಿ, ಎರಡು ಗೂಟದ ನಡುವೆ ಎಷ್ಟು ಫ್ರೇಮ್ ಅಂತ ಎಣಿಸಿ ವೇಗ ತೆಗೆಯೋ ಕೆಲ್ಸ ಬಾಕಿ ಅದ. ಆಳ 1 ಮೀಟರ್ ಇದ್ರ ನಿಂತ ನೀರಿನಾಗ ಸೆಕೆಂಡಿಗೆ 3.1 ಮೀಟರ್ ಮ್ಯಾಲ ಬರಬೇಕು.

ಮಳಿ ಹತ್ತಿದ ಮ್ಯಾಲ: ಫಿಶರ್

ಈಗ ಮೇಜಿನ ಮ್ಯಾಲ ಇರೋದು ಫಿಶರ್ ಇಕ್ವೇಶನ್, 1937ರಾಗ ಫಿಶರ್ ಒಂದು ಕಡೆ, ಕೋಲ್ಮೊಗೊರೋವ್, ಪೆಟ್ರೋವ್‌ಸ್ಕಿ, ಪಿಸ್ಕುನೋವ್ ಇನ್ನೊಂದು ಕಡೆ ಬರೆದಿದ್ದು. ಒಳ್ಳೇ ಜೀನ್ ಒಂದು ಜನಸಂಖ್ಯಾದಾಗ ಹೆಂಗ ಹರಡ್ತದ ಅನ್ನೋದರ ಲೆಕ್ಕ, ಡಿಫ್ಯೂಶನ್ (ಸುತ್ತ ಹರಡೋದು) ಒಂದು ಪದ, ಯು ಗುಣಿಸು 1 ಮೈನಸ್ ಯು ಒಂದು ಪದ. ಇದ್ರಾಗ ಅಲೆ ವೇಗ 2ಕ್ಕಿಂತ ಕಡಿಮಿ ಇರಂಗಿಲ್ಲ, 2 ಮತ್ತ ಅದರ ಮ್ಯಾಲ ಎಲ್ಲಾ ವೇಗಕ್ಕೂ ಅಲೆ ಅದ. ಆದ್ರ ಸರಳ ಸೂತ್ರದಾಗ ಕೂಡೋದು 5 ಬೈ ರೂಟ್ 6, ಅಂದ್ರ 2.04 ವೇಗದ್ದು, ಅಬ್ಲೋವಿಟ್ಜ್ ಮತ್ತ ಜೆಪೆಟೆಲ್ಲಾ 1979ರಾಗ ಕೊಟ್ಟಿದ್ದು.

ಕೈಲೆಕ್ಕ ಮೊನ್ನೆ ರಾತ್ರಿ ಮುಗೀತು. ಎಸ್ ಅಂದ್ರ 1 ಭಾಗಿಸು 1 ಪ್ಲಸ್ ಎಕ್ಸ್‌ಪೊನೆನ್ಷಿಯಲ್ ಅಂತ ಇಟ್ಟು ಯು ಅಂದ್ರ ಎಸ್ ವರ್ಗ ಅಂತ ಹಾಕಿ, ಎಕ್ಸ್‌ಪೊನೆನ್ಷಿಯಲ್‌ದಾಗ 1 ಬೈ ರೂಟ್ 6 ಇಟ್ರ, ಎಸ್ ಇರೋ ಪದ ಒಂದು ಪ್ಲಸ್ ಒಂದು ಮೈನಸ್ ಆಗಿ ಹೋಗೇ ಬಿಡ್ತಾವ, ಉಳಿಯೋದು ಬರೀ ವೇಗದ ಮ್ಯಾಲ ಒಂದು ಶರತ್ತು. ವೇಗ ನಾವು ಆರಿಸೋದಲ್ಲ, ಇಕ್ವೇಶನ್ನೇ ಹೇಳ್ತದ. ಇದನ್ನೇ ಟ್ಯಾನ್‌ಎಚ್‌ದಾಗ ಬರೆದ್ರ 1 ಮೈನಸ್ ಟ್ಯಾನ್‌ಎಚ್, ಅದರ ವರ್ಗ, ಭಾಗಿಸು 4. ಡಿಗ್ರಿ ಮತ್ತ 2, ಕೆಡಿವಿದಂಗೇ, ನೆಂಟಸ್ತನದ ಕಾಲಮ್ಮಿನಾಗ ಅದನ್ನ ಬರೆದೀನಿ. 50 ಅಂಕಿ ಚೆಕ್ ಪಾಸ್ ಆಗ್ಯದ, ಪಾಲಿನಾಮಿಯಲ್ ಚೆಕ್ ಈ ವಾರ. ಅದಾದ ಮ್ಯಾಲ ವೇಗ 2ರ ಅಲೇನ ಅಂಕಿಯಿಂದ ತೆಗೆದು ಇದರ ಬಾಜೂಕೆ ಇಟ್ಟು ನೋಡ್ತೀನಿ, ಮುಂಭಾಗದ ಇಳಿಜಾರು ಎಷ್ಟು ಬ್ಯಾರೆ ಅಂತ. ಆಮ್ಯಾಲ ಸೈನ್-ಗಾರ್ಡನ್ (ಪೆಂಡುಲಮ್ ಸಾಲಾಗಿ ಜೋಡಿಸಿದಂಗ ಇರೋ ಅಲೆ ಇಕ್ವೇಶನ್) ತಗೋತೀನಿ, ಅದ್ರಾಗ ಪೆಂಡುಲಮ್ ಪುಟ ತಿರುಗಿ ಬೇಕಾಗ್ತದ.